ಓಡುವುದೂ ಒಂದು ವಿದ್ಯೆ

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಅಂತಃಪುರದಲ್ಲಿ ಹೆಂಗಸರ ಎದುರು ಕೊಚ್ಚಿಕೊಂಡ ವಿರಾಟನ ಮಗ, ಗೋಗ್ರಹಣದ ದಿನ ಕೌರವರ ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಟ ಕಿತ್ತ. ಬೃಹನ್ನಳೆಯ ವೇಷದ ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು ತರಬೇಕಾಯಿತು. ಯಕ್ಷಗಾನದ ರಂಗದಲ್ಲಿ ಈ ಪ್ರಸಂಗ ಬಂದರೆ ಇಂದಿಗೂ ನಗೆಗೆ ಬರವಿಲ್ಲ.

ಆದರೆ ನಗುವನ್ನು ತುಸು ತಡೆದು ಯೋಚಿಸಿದರೆ ಬೇರೆಯೇ ಪ್ರಶ್ನೆ ಏಳುತ್ತದೆ. ಭೀಷ್ಮ, ದ್ರೋಣ, ಕರ್ಣರು ಸಾಲಾಗಿ ನಿಂತಿರುವಾಗ, ಯುದ್ಧವನ್ನೇ ಕಾಣದ ಹುಡುಗನೊಬ್ಬ ಓಡಿದ್ದು ತಪ್ಪೇ? ಅಥವಾ ಎದುರಿಗಿರುವವರು ಯಾರು ಎಂದು ವಿಚಾರಿಸದೆ ಹೊರಟದ್ದು ತಪ್ಪೇ?

ಇದೇ ಪ್ರಶ್ನೆಯನ್ನು ಪ್ರತಿ ವಾರಾಂತ್ಯ ಜಗತ್ತಿನ ನಾನಾ ಕಡೆ ಮೇಜಿನ ಸುತ್ತ ಕುಳಿತವರು ತಮಗೆ ತಾವೇ ಕೇಳಿಕೊಳ್ಳುತ್ತಿರುತ್ತಾರೆ. ಅವರ ಕೈಯಲ್ಲಿ ಇರುವುದು ಪೆನ್ಸಿಲು, ಕಾಗದ ಮತ್ತು ದಾಳ. ಅವರು ಆಡುತ್ತಿರುವುದು ‘ರೋಲ್ ಪ್ಲೇಯಿಂಗ್ ಗೇಮ್’, ಅಂದರೆ ಪಾತ್ರ ವಹಿಸಿ ಆಡುವ ಆಟ. ಇವುಗಳ ಪೈಕಿ ಮೊದಲನೆಯದು ಮತ್ತು ಅತ್ಯಂತ ಹೆಸರಾದದ್ದು ಅಮೆರಿಕದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಹೋರಾಡುವುದು ಯಾವಾಗ, ಓಡುವುದು ಯಾವಾಗ ಎಂಬ ವಿಚಾರವನ್ನು ಈ ಆಟದಷ್ಟು ಲೆಕ್ಕ ಹಾಕಿ ನೋಡಿದ ಆಟಗಳು ಕಡಿಮೆ.

‘ಏನು ಮಾಡುತ್ತೀರಿ?’

ಆಟದ ಕ್ರಮ ಸರಳ. ಒಬ್ಬರು ಸೂತ್ರಧಾರರಾಗುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಒಬ್ಬ ಕತ್ತಿವೀರ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ ಹೀಗೆ. ಸೂತ್ರಧಾರ ಸನ್ನಿವೇಶವನ್ನು ವರ್ಣಿಸುತ್ತಾನೆ: ‘ನೀವು ಪಂಜು ಹಿಡಿದು ನೆಲಮಾಳಿಗೆಯ ಹಾದಿಯಲ್ಲಿ ನಡೆಯುತ್ತಿದ್ದೀರಿ. ಎದುರಿಗೆ ಒಂದು ಬಾಗಿಲು. ತೆರೆದರೆ ಎಂಟು ಗಾಬ್ಲಿನ್‌ಗಳು ಬೆಂಕಿಯ ಸುತ್ತ ಕುಳಿತು ಮಾಂಸ ಸುಡುತ್ತಿವೆ. ಒಂದು ತಲೆಯೆತ್ತಿ ನಿಮ್ಮನ್ನು ನೋಡಿತು. ಏನು ಮಾಡುತ್ತೀರಿ?’

ಗಾಬ್ಲಿನ್ ಎಂದರೆ ಯುರೋಪಿನ ಜನಪದ ಕಥೆಗಳ ಕುಳ್ಳ ಪಿಶಾಚಿ ಎನ್ನಬಹುದು. ಈ ‘ಏನು ಮಾಡುತ್ತೀರಿ?’ ಎಂಬ ಮಾತೇ ಆಟದ ಜೀವಾಳ. ಚದುರಂಗದಲ್ಲಿ ಕುದುರೆ ಎಲ್ಲಿಗೆ ಹೋಗಬೇಕೆಂದು ನಿಯಮವಿದೆ. ಇಲ್ಲಿ ಆಟಗಾರ ಏನು ಬೇಕಾದರೂ ಹೇಳಬಹುದು. ಕತ್ತಿ ಹಿರಿಯಬಹುದು, ಬಾಗಿಲು ಮುಚ್ಚಬಹುದು, ಮಾತಾಡಿಸಬಹುದು, ಓಡಬಹುದು. ಫಲಿತಾಂಶ ಸಂದೇಹಾಸ್ಪದವಾದಲ್ಲಿ ದಾಳ ತೀರ್ಮಾನಿಸುತ್ತದೆ.

ಪಾತ್ರ ಸತ್ತರೆ ಆಟಗಾರನ ಜೇಬಿನಿಂದ ಕಾಸು ಹೋಗುವುದಿಲ್ಲ ನಿಜ. ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೆಳೆಸಿದ ಪಾತ್ರ ಅದು. ಅದರ ಹೆಸರು, ಹಗೆ, ಸ್ನೇಹ, ಸಾಲ ಎಲ್ಲವೂ ಆ ಗುಂಪಿನ ನೆನಪಿನಲ್ಲಿ ಇರುತ್ತವೆ. ಕಾಗದದ ಆ ಹಾಳೆಯನ್ನು ಮಡಿಚಿಡುವಾಗ ಗಂಟಲು ಕಟ್ಟಿತೆಂದು ಹೇಳುವ ಆಟಗಾರರಿದ್ದಾರೆ.

ಸೇನಾಧಿಕಾರಿಗಳ ಮೇಜಿನಿಂದ

ಈ ಆಟದ ಬೇರು ಸೈನ್ಯದಲ್ಲಿದೆ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ ತಂದೆ ರೂಪಿಸಿದ್ದ ಯುದ್ಧದ ಆಟವೊಂದನ್ನು ತಿದ್ದಿ ಪ್ರಕಟಿಸಿದ. ‘ಕ್ರೀಗ್ಸ್‌ಪೀಲ್’ ಎಂಬ ಆ ಆಟದಲ್ಲಿ ನಕ್ಷೆಯ ಮೇಲೆ ಪಡೆಗಳನ್ನು ನಡೆಸಬೇಕು. ಗಾಯ, ಸಾವುಗಳನ್ನು ದಾಳ ಹೇಳಬೇಕು. ನಡುವೆ ಒಬ್ಬ ತೀರ್ಪುಗಾರ ಕೂರಬೇಕು. ಶತ್ರುವಿನ ಪಡೆ ಕಾಣುವಷ್ಟು ಹತ್ತಿರ ಬರುವ ತನಕ ತೀರ್ಪುಗಾರ ಅದನ್ನು ನಕ್ಷೆಯ ಮೇಲೆ ತೋರಿಸುತ್ತಿರಲಿಲ್ಲ. ಗೊತ್ತಿಲ್ಲದ ಸಂಗತಿಗಳ ನಡುವೆ ನಿರ್ಧಾರ ಮಾಡುವುದನ್ನು ಅಧಿಕಾರಿಗಳಿಗೆ ಕಲಿಸುವುದೇ ಅದರ ಉದ್ದೇಶ.

ಮುಂದೆ ಈ ಆಟ ಹವ್ಯಾಸಿಗಳ ಮನೆಗಳನ್ನು ಸೇರಿತು. 1913ರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ಆಟಿಕೆಯ ಸೈನಿಕರ ಯುದ್ಧಕ್ಕೆ ನಿಯಮಗಳನ್ನು ಬರೆದು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಮಾಡಿದ. 1969ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬಾತ ಒಂದು ಹೊಸ ಪ್ರಯೋಗ ನಡೆಸಿದ. ಪಡೆಗಳ ಬದಲು ಪ್ರತಿ ಆಟಗಾರನಿಗೂ ಒಬ್ಬೊಬ್ಬ ವ್ಯಕ್ತಿಯ ಪಾತ್ರ ಕೊಟ್ಟ. ಆ ಮೇಜಿನಲ್ಲಿ ಕುಳಿತಿದ್ದ ಡೇವ್ ಆರ್ನೆಸನ್ ಇದೇ ಜಾಡು ಹಿಡಿದು ಕೋಟೆ, ನೆಲಮಾಳಿಗೆ, ರಾಕ್ಷಸರ ಲೋಕವೊಂದನ್ನು ಕಟ್ಟಿದ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಚಿಕ್ಕ ಊರಿನ ಗ್ಯಾರಿ ಗೈಗ್ಯಾಕ್ಸ್ ಅದಕ್ಕೆ ಪುಸ್ತಕದ ರೂಪ ಕೊಟ್ಟ. 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳಿದ್ದ ಪೆಟ್ಟಿಗೆ 10 ಡಾಲರ್ ಬೆಲೆಗೆ ಮಾರಾಟಕ್ಕೆ ಬಂತು. ಮೊದಲ ಮುದ್ರಣ 1,000 ಪ್ರತಿಗಳು ಮಾತ್ರ.

ಯುದ್ಧದ ಆಟದಿಂದ ಬಂದ ಒಂದು ಆಸ್ತಿಯನ್ನು ಹೊಸ ಆಟ ಕೈಬಿಡಲಿಲ್ಲ. ಅದೇ ಧೈರ್ಯದ ಲೆಕ್ಕ. ನಿಜವಾದ ಸೈನಿಕ ಕೊನೆಯ ಉಸಿರಿನವರೆಗೆ ಹೋರಾಡುವುದು ಅಪರೂಪ. ಸಾಲು ಚದುರಿದರೆ ಸೈನ್ಯ ಓಡುತ್ತದೆ. ಇದನ್ನು ಯುದ್ಧದ ಆಟಗಾರರು ಮೊದಲಿನಿಂದಲೂ ಬಲ್ಲರು.

ಕೊಂದರೆ ಐದು, ತಂದರೆ ನೂರು

ಈ ಲೆಕ್ಕ ಎಷ್ಟು ಅಚ್ಚುಕಟ್ಟಾಗಿತ್ತು ಎಂಬುದನ್ನು ತಿಳಿಯಲು 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಆರಂಭಿಕರ ಆವೃತ್ತಿಯನ್ನು ನೋಡಬೇಕು.

ಮೊದಲನೆಯದಾಗಿ, ಎದುರಾದವರೆಲ್ಲ ಶತ್ರುಗಳಲ್ಲ. ರಾಕ್ಷಸರು ಕಂಡಾಗ ಸೂತ್ರಧಾರ ಎರಡು ದಾಳಗಳನ್ನು ಉರುಳಿಸುತ್ತಾನೆ. ಮೊತ್ತ 2 ಬಂದರೆ ತಕ್ಷಣ ದಾಳಿ. 12 ಬಂದರೆ ಸ್ನೇಹ. ನಡುವಿನ ಅಂಕಿಗಳು ಬಂದರೆ ಅನುಮಾನ, ಹಿಂಜರಿಕೆ, ಕಾದು ನೋಡುವಿಕೆ. ಎರಡು ದಾಳಗಳ ಮೊತ್ತ ಹೆಚ್ಚಾಗಿ ನಡುವಿನ ಅಂಕಿಗಳ ಸುತ್ತಲೇ ಬೀಳುವುದರಿಂದ ಮಾತಿಗೆ ಅವಕಾಶ ಇದ್ದೇ ಇರುತ್ತದೆ.

ಎರಡನೆಯದು, ಧೈರ್ಯದ ಅಂಕ. ಪ್ರತಿ ರಾಕ್ಷಸ ಜಾತಿಗೂ 2ರಿಂದ 12ರ ನಡುವೆ ಒಂದು ಅಂಕವಿದೆ. ಗಾಬ್ಲಿನ್‌ಗಳಿಗೆ 7. ಅವುಗಳಲ್ಲಿ ಮೊದಲನೆಯದು ಸತ್ತಾಗ ಒಮ್ಮೆ, ಅರ್ಧದಷ್ಟು ಬಿದ್ದಾಗ ಮತ್ತೊಮ್ಮೆ ಎರಡು ದಾಳ ಹಾಕಬೇಕು. ಮೊತ್ತ 7ನ್ನು ಮೀರಿದರೆ ಅವು ಕಾಲು ಕೀಳುತ್ತವೆ. ಎರಡು ದಾಳಗಳ 36 ಸಾಧ್ಯತೆಗಳಲ್ಲಿ 15ರಲ್ಲಿ ಹೀಗಾಗುತ್ತದೆ. ಎರಡೂ ಪರೀಕ್ಷೆಗಳಲ್ಲಿ ಅವು ನಿಲ್ಲುವ ಸಂಭವ ಸುಮಾರು ಮೂರರಲ್ಲಿ ಒಂದು ಮಾತ್ರ. ಅಂದರೆ ಎಂಟು ಗಾಬ್ಲಿನ್‌ಗಳನ್ನು ಗೆಲ್ಲಲು ಎಂಟನ್ನೂ ಕೊಲ್ಲಬೇಕಿಲ್ಲ. ಆದರೆ ಅಸ್ಥಿಪಂಜರಗಳ ಅಂಕ 12. ಅವುಗಳಿಗೆ ಭಯವಿಲ್ಲ, ಆದ್ದರಿಂದ ಅವು ಓಡುವುದೂ ಇಲ್ಲ. ಯಾರನ್ನು ಹೆದರಿಸಬಹುದು, ಯಾರನ್ನು ಹೆದರಿಸಲಾಗದು ಎಂಬ ತಿಳಿವಳಿಕೆ ಕತ್ತಿಯಷ್ಟೇ ಉಪಯುಕ್ತ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸಂಬಳ! ಈ ಆಟದಲ್ಲಿ ‘ಅನುಭವದ ಅಂಕ’ ಗಳಿಸಿದಂತೆ ಪಾತ್ರಗಳು ಬಲಿಯುತ್ತವೆ. ಕತ್ತಿವೀರ ಎರಡನೇ ಮೆಟ್ಟಿಲೇರಲು 2,000 ಅಂಕ ಬೇಕು. ಒಂದು ಗಾಬ್ಲಿನ್ನನ್ನು ಸೋಲಿಸಿದರೆ ಸಿಗುವುದು ಬರೀ 5. ಆದರೆ ಹೊತ್ತು ತಂದ ಪ್ರತಿ ಚಿನ್ನದ ನಾಣ್ಯಕ್ಕೂ ಒಂದು ಅಂಕ. ಕೊಂದೇ ಮೇಲೇರುತ್ತೇನೆಂದು ಹೊರಟವನು ಒಬ್ಬನೇ 400 ಗಾಬ್ಲಿನ್‌ಗಳನ್ನು ಸೋಲಿಸಬೇಕು. ಅದೇ ಅವು ಮಲಗಿರುವಾಗ ಪೆಟ್ಟಿಗೆ ಎತ್ತಿಕೊಂಡು ಬಂದವನಿಗೆ ರಕ್ತ ಹರಿಸದೆಯೇ ಬಡ್ತಿ. ಸಾಲದ್ದಕ್ಕೆ, ನೆಲಮಾಳಿಗೆಯಲ್ಲಿ ಕಳೆದ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಸೂತ್ರಧಾರ ಒಂದು ದಾಳ ಹಾಕುತ್ತಾನೆ. 1 ಬಿದ್ದರೆ ಅಲೆಮಾರಿ ರಾಕ್ಷಸರು ಪ್ರತ್ಯಕ್ಷ. ಇವುಗಳ ಬಳಿ ಹೇಳಿಕೊಳ್ಳುವಂಥ ಸಂಪತ್ತು ಇರುವುದು ಕಡಿಮೆ. ಇಂಥವರ ಜೊತೆ ಕಾದಾಡುವುದೆಂದರೆ ಸಂಬಳವಿಲ್ಲದ ಕೂಲಿ.

ಇದನ್ನರಿತ ಹಳೆಯ ಆಟಗಾರರು ಕಾದಾಟವನ್ನು ಆಟದ ಗುರಿ ಎಂದು ನೋಡುತ್ತಿರಲಿಲ್ಲ. ಅದು ಉಪಾಯ ಫಲಿಸದಾಗ ಬರುವ ದಂಡ. ಮಂತ್ರವಾದಿಯ ಪ್ರಾಣಬಲ ಆರಂಭದಲ್ಲಿ ಹೆಚ್ಚೆಂದರೆ 4. ಆರು ಮುಖದ ದಾಳದಷ್ಟು ಗಾಯ ಮಾಡುವ ಒಂದೇ ಏಟಿಗೆ ಅವನು ಸಾಯುವ ಸಂಭವ ಅರ್ಧದಷ್ಟು. ಹೀಗಿರುವಾಗ ಯಾರು ತಾನೇ ಸುಮ್ಮಸುಮ್ಮನೆ ಕತ್ತಿ ಹಿರಿದಾರು?

ಓಟದ ಗಣಿತ

ಓಡುವುದೆಂದರೆ ಬೆನ್ನು ತಿರುಗಿಸುವುದಷ್ಟೇ ಅಲ್ಲ. 1870ರಲ್ಲಿ ಯುದ್ಧದ ಗಾಯದಿಂದ ಮಡಿದ ಫ್ರೆಂಚ್ ಅಧಿಕಾರಿ ಆರ್ಡಾಂ ದು ಪೀಕ್ ಪ್ರಾಚೀನ ಕದನಗಳನ್ನು ಅಭ್ಯಾಸ ಮಾಡಿ ಒಂದು ಮಾತು ಹೇಳಿದ್ದ. ಸೈನಿಕರು ಹೆಚ್ಚಾಗಿ ಸತ್ತದ್ದು ಎದುರೆದುರು ನಿಂತಾಗ ಅಲ್ಲ, ಸಾಲು ಮುರಿದು ಓಡುವಾಗ ಎಂದು. 1981ರ ನಿಯಮಗಳಲ್ಲೂ ಈ ವಿವೇಕ ಇದೆ. ಅಲ್ಲಿ ಹಿಂಜರಿಯಲು ಎರಡು ದಾರಿಗಳು. ಒಂದು, ಶತ್ರುವಿನತ್ತ ಮುಖ ಮಾಡಿಕೊಂಡೇ ಅರ್ಧ ವೇಗದಲ್ಲಿ ಹಿಂದೆ ಸರಿಯುವುದು. ಇನ್ನೊಂದು, ಪೂರ್ತಿ ಬೆನ್ನು ಕೊಟ್ಟು ಓಡುವುದು. ಎರಡನೆಯದರಲ್ಲಿ ಶತ್ರುವಿನ ಏಟಿಗೆ 2 ಅಂಕ ಹೆಚ್ಚಿಗೆ ಸಿಗುತ್ತದೆ, ಗುರಾಣಿ ಲೆಕ್ಕಕ್ಕೆ ಬರುವುದಿಲ್ಲ.

ವೇಗದ ಲೆಕ್ಕವೂ ಉಂಟು. ಕವಚವಿಲ್ಲದೆ ಬರಿಗೈಯಲ್ಲಿ ನಡೆಯುವವನು ಹತ್ತು ನಿಮಿಷದ ಸುತ್ತಿನಲ್ಲಿ 120 ಅಡಿ ಎಚ್ಚರದಿಂದ ಸಾಗಿದರೆ, ಲೋಹದ ಕವಚ ತೊಟ್ಟು ನಿಧಿ ಹೊತ್ತವನು 30 ಅಡಿ ಮಾತ್ರ. ಓಟದಲ್ಲೂ ಇದೇ ಅನುಪಾತ. ಒಳಗೆ ಹೋಗುವಾಗ ಇದ್ದ ಕಾಲು ಹೊರಬರುವಾಗ ಇರುವುದಿಲ್ಲ! ಆದ್ದರಿಂದಲೇ ನಿಯಮ ಒಂದು ಬಾಗಿಲನ್ನು ತೆರೆದಿಟ್ಟಿದೆ. ಬೆನ್ನಟ್ಟುವುದು ಬುದ್ಧಿಯಿಲ್ಲದ ಮೃಗವಾದರೆ ಬುತ್ತಿಯನ್ನು ಎಸೆಯಿರಿ. ಆಸೆಬುರುಕ ಜೀವಿಯಾದರೆ ಚಿನ್ನವನ್ನು ಚೆಲ್ಲಿ. ಅದು ನಿಲ್ಲುವ ಸಂಭವ ಎರಡರಲ್ಲಿ ಒಂದು. ಯಾವುದಕ್ಕಾಗಿ ಪ್ರಾಣ ಪಣಕ್ಕಿಟ್ಟು ಬಂದರೋ ಅದನ್ನೇ ಚೆಲ್ಲಿ ಪ್ರಾಣ ಉಳಿಸಿಕೊಳ್ಳಬೇಕು. ಮೇಜಿನ ಸುತ್ತ ಅತಿ ದೊಡ್ಡ ಜಗಳಗಳು ನಡೆಯುವುದು ಇಲ್ಲೇ.

ಹಾಗಾದರೆ ಓಡಲು ಸರಿಯಾದ ಹೊತ್ತು ಯಾವುದು? ಇದಕ್ಕೆ ಬ್ರಿಟನ್ನಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಲ್ಲಿ ಪ್ರಕಟಿಸಿದ ಸೂತ್ರವೊಂದು ನೆರವಾಗುತ್ತದೆ. ಎಲ್ಲರೂ ಎಲ್ಲರ ಮೇಲೂ ದಾಳಿ ಮಾಡಬಹುದಾದ ಕದನದಲ್ಲಿ ಬಲ ಇರುವುದು ಸಂಖ್ಯೆಯಲ್ಲಲ್ಲ, ಸಂಖ್ಯೆಯ ವರ್ಗದಲ್ಲಿ. ನಾಲ್ವರ ಎದುರು ಅಷ್ಟೇ ಸಾಮರ್ಥ್ಯದ ಎಂಟು ಮಂದಿ ನಿಂತರೆ ಅವರ ಬಲ ಎರಡು ಪಟ್ಟಲ್ಲ. 16ಕ್ಕೆ 64, ಅಂದರೆ ನಾಲ್ಕು ಪಟ್ಟು. ನಾಲ್ವರಲ್ಲಿ ಒಬ್ಬ ಬಿದ್ದರೆ 16 ಇದ್ದದ್ದು 9ಕ್ಕೆ ಇಳಿಯುತ್ತದೆ. ಒಬ್ಬನ ಸಾವಿಗೆ ಕಾಲುಭಾಗ ಅಲ್ಲ, ಅರ್ಧಕ್ಕೆ ಸಮೀಪದಷ್ಟು ಬಲವೇ ಹೋಯಿತು!

ಇದರಿಂದ ಎರಡು ಪಾಠಗಳು ಹೊರಡುತ್ತವೆ. ಮೊದಲನೆಯದು, ಜಾಗ ಮುಖ್ಯ. ಅದೇ ಎಂಟು ಗಾಬ್ಲಿನ್‌ಗಳನ್ನು ಇಬ್ಬರಷ್ಟೇ ನಿಲ್ಲಬಹುದಾದ ಬಾಗಿಲಿನಲ್ಲಿ ತಡೆದರೆ ವರ್ಗದ ಸೂತ್ರ ಮುರಿಯುತ್ತದೆ. ಎರಡನೆಯದು, ಓಡುವ ನಿರ್ಧಾರ ಮೊದಲ ವ್ಯಕ್ತಿ ಬೀಳುವ ಮುನ್ನವೇ ಆಗಬೇಕು. ಬಿದ್ದ ಮೇಲೆ ಹೊಡೆಯುವ ಕೈ ಒಂದು ಕಡಿಮೆ, ಹೊರುವ ಹೊರೆ ಒಂದು ಹೆಚ್ಚು. ಆದರೆ ಹೆಚ್ಚಿನ ಗುಂಪುಗಳು ಮಾಡುವುದು ತದ್ವಿರುದ್ಧ. ‘ಇನ್ನೊಂದು ಸುತ್ತು ನೋಡೋಣ’ ಎನ್ನುತ್ತಾ ಇಬ್ಬರು ಬಿದ್ದ ಮೇಲೆ ಬಾಗಿಲಿನ ಕಡೆ ನೋಡುತ್ತವೆ. ಅಷ್ಟು ಹೊತ್ತಿಗೆ ಬಾಗಿಲು ದೂರವಾಗಿರುತ್ತದೆ.

ಪಳಗಿದವರು ಆದ್ದರಿಂದ ಓಟವನ್ನು ಒಳಹೋಗುವ ಮೊದಲೇ ತಯಾರು ಮಾಡುತ್ತಾರೆ. ಹಾದಿಯ ನಕ್ಷೆ ಬರೆದಿಡುತ್ತಾರೆ. ಎಣ್ಣೆಯ ಕುಡಿಕೆಯೊಂದನ್ನು ಕೈಗೆಟಕುವಂತೆ ಇಟ್ಟಿರುತ್ತಾರೆ. ಹಾದಿಗೆ ಸುರಿದು ಬೆಂಕಿ ಹಚ್ಚಿದರೆ ಬೆನ್ನಟ್ಟುವವರು ತಡೆಯುತ್ತಾರೆ. ಮಂತ್ರವಾದಿಯ ಬಳಿ ದಿನಕ್ಕೆ ಇರುವುದು ಒಂದೇ ಮಂತ್ರವಾದರೆ ಅದನ್ನು ಗೆಲ್ಲಲು ಬಳಸದೆ ಹೊರಬರಲು ಉಳಿಸಿಕೊಳ್ಳುತ್ತಾರೆ.

ಬಹುಮಾನ ಬದಲಾದಾಗ

ಕಾಲ ಕಳೆದಂತೆ ಆಟ ಬದಲಾಯಿತು. 1997ರಲ್ಲಿ ‘ವಿಜರ್ಡ್ಸ್ ಆಫ್ ದ ಕೋಸ್ಟ್’ ಕಂಪನಿ ಈ ಆಟದ ಒಡೆತನ ಪಡೆದು 2000ದಲ್ಲಿ ಮೂರನೇ ಆವೃತ್ತಿ ತಂದಿತು. ರಾಕ್ಷಸರಿಗೆಲ್ಲ ‘ಸವಾಲಿನ ಅಂಕ’ ಬಂತು. ಗುಂಪಿನ ಶಕ್ತಿಗೆ ತಕ್ಕ ಎದುರಾಳಿಗಳನ್ನು ಸೂತ್ರಧಾರ ಅಳೆದು ತೂಗಿ ಇಡಬಹುದಾಯಿತು. ಆದರೂ ನೂರಕ್ಕೆ ಐದು ಎದುರಾಳಿಗಳು ಗುಂಪಿನ ಕೈಮೀರಿದಷ್ಟು ಬಲಿಷ್ಠವಾಗಿರಲಿ ಎಂದು ಸೂತ್ರಧಾರರ ಕೈಪಿಡಿ ಸಲಹೆ ನೀಡಿತ್ತು. ಓಡಬೇಕಾದ ಸಂದರ್ಭವೂ ಬರಲಿ ಎಂಬುದು ಅದರ ಆಶಯ.

2014ರ ಐದನೇ ಆವೃತ್ತಿಯಲ್ಲಿ ಗಾಬ್ಲಿನ್ ಒಂದಕ್ಕೆ 50 ಅಂಕ. ಎರಡನೇ ಮೆಟ್ಟಿಲಿಗೆ ಬೇಕಾದದ್ದು 300. ಆರನ್ನು ಸೋಲಿಸಿದರೆ ಒಬ್ಬನ ಬಡ್ತಿ ಮುಗಿಯಿತು. ಚಿನ್ನಕ್ಕೆ ಅಂಕವಿಲ್ಲ. ಧೈರ್ಯದ ಪರೀಕ್ಷೆ ಬೇಕಾದರೆ ಬಳಸಿ ಎಂಬ ಐಚ್ಛಿಕ ನಿಯಮವಾಗಿ ಉಳಿಯಿತು. ಪ್ರಾಣಬಲ ಸೊನ್ನೆಗೆ ಇಳಿದರೂ ಪಾತ್ರ ಕೂಡಲೇ ಸಾಯುವುದಿಲ್ಲ; ಇಪ್ಪತ್ತು ಮುಖದ ದಾಳ ಹಾಕುತ್ತಾ ಮೂರು ಸಲ ಸೋಲುವ ಮುನ್ನ ಮೂರು ಸಲ ಗೆದ್ದರೆ ಸ್ಥಿತಿ ಸುಧಾರಿಸುತ್ತದೆ. ಇತ್ತ ಮನುಷ್ಯನ ವೇಗ 30 ಅಡಿ, ಗಾಬ್ಲಿನ್ನಿನದೂ 30 ಅಡಿ, ತೋಳದ್ದು 40. ಓಡಿದರೂ ತಪ್ಪಿಸಿಕೊಳ್ಳುವುದು ಕಷ್ಟ, ನಿಂತರೆ ಲಾಭ. ಆಟಗಾರರು ನಿಲ್ಲತೊಡಗಿದ್ದರಲ್ಲಿ ಆಶ್ಚರ್ಯವಿಲ್ಲ. ಇದನ್ನು ಹೊಸಬರ ಒರಟುತನ ಎಂದು ದೂರುವುದು ನ್ಯಾಯವಲ್ಲ. ಯಾವುದಕ್ಕೆ ಬಹುಮಾನವಿದೆಯೋ ಅದನ್ನೇ ಜನ ಮಾಡುತ್ತಾರೆ.

ಇದಕ್ಕೆ ಪೂರ್ತಿ ವಿರುದ್ಧ ದಾರಿ ಹಿಡಿದ ಆಟವೂ ಇದೆ. 1981ರಲ್ಲಿ ಸ್ಯಾಂಡಿ ಪೀಟರ್ಸನ್ ರಚಿಸಿ ಕೇಯೋಸಿಯಂ ಸಂಸ್ಥೆ ಹೊರತಂದ ‘ಕಾಲ್ ಆಫ್ ಕ್ತುಲ್ಹು’ವಿನಲ್ಲಿ ಆಟಗಾರರು ವೀರರಲ್ಲ, ಪ್ರಾಧ್ಯಾಪಕ, ಪತ್ರಕರ್ತ, ವೈದ್ಯರಂಥ ಸಾಮಾನ್ಯರು. ಘೋರ ಜೀವಿಗಳನ್ನು ಕಂಡರೇ ಅವರ ಮನಸ್ಸಿನ ಸ್ವಾಸ್ಥ್ಯದ ಅಂಕ ಕಡಿಮೆಯಾಗುತ್ತದೆ. ಅಲ್ಲಿ ಓಡುವುದು ಹೇಡಿತನವಲ್ಲ, ಮುಂದಿನ ವಾರವೂ ಆಡುವ ದಾರಿ.

ಬಿದ್ದವನನ್ನು ಬಿಟ್ಟು ಹೋಗುವುದೇ?

ಲೆಕ್ಕವೆಲ್ಲ ಸರಿಯಿದ್ದರೂ ಓಡುವುದು ಕಷ್ಟ. ಅದಕ್ಕೆ ಕಾರಣ ದಾಳವಲ್ಲ, ಮನುಷ್ಯರು. ಐವರು ಕುಳಿತ ಮೇಜಿನಲ್ಲಿ ‘ಓಡೋಣ’ ಎಂದು ಮೊದಲು ಹೇಳುವವರು ಯಾರು? ಹೇಳಿದವನು ಪುಕ್ಕಲ ಎನಿಸಿಕೊಳ್ಳುತ್ತಾನೆ. ಮೂವರು ಓಡಿ ಇಬ್ಬರು ನಿಂತರೆ ನಿಂತವರು ಸಾಯುತ್ತಾರೆ. ನಿಂತವರಿಗಾಗಿ ಓಡಿದವರು ಮರಳಿದರೆ ಎಲ್ಲರೂ ಸಾಯುತ್ತಾರೆ. ಗೆಳೆಯನ ಪಾತ್ರ ನೆಲಕ್ಕೆ ಬಿದ್ದಿದೆ. ಗೆಳೆಯ ಎದುರಿಗೇ ಕುಳಿತು ಮುಖ ನೋಡುತ್ತಿದ್ದಾನೆ. ‘ನಿನ್ನನ್ನು ಬಿಟ್ಟು ಹೋಗುತ್ತೇವೆ’ ಎಂದು ಅವನಿಗೆ ಹೇಳುವುದು ಹೇಗೆ?

2016ರಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯನ್ನು ನೋಡಿದವರಿಗೆ ಇಂಥದೇ ಒಂದು ಗಳಿಗೆ ನೆನಪಿರಬಹುದು. ಮೊದಲ ಕಂತಿನಲ್ಲೇ ನಾಲ್ವರು ಹುಡುಗರು ಈ ಆಟ ಆಡುತ್ತಿರುತ್ತಾರೆ. ಭಯಂಕರ ರಾಕ್ಷಸ ಎದುರಾದಾಗ ಒಬ್ಬ ಗೆಳೆಯ ರಕ್ಷಣೆಯ ಮಂತ್ರ ಹಾಕೆನ್ನುತ್ತಾನೆ, ಇನ್ನೊಬ್ಬ ಬೆಂಕಿಯುಂಡೆ ಎಸೆಯೆನ್ನುತ್ತಾನೆ. ಹುಡುಗ ಬೆಂಕಿಯುಂಡೆಯನ್ನೇ ಆರಿಸುತ್ತಾನೆ. ದಾಳದಲ್ಲಿ ಬೀಳುವುದು 7, ಸಾಲುವುದಿಲ್ಲ. ಆತುರದಲ್ಲಿ, ಸುತ್ತಲಿನವರ ಕೂಗಾಟದ ನಡುವೆ ನಿರ್ಧಾರ ಹೇಗಾಗುತ್ತದೆ ಎಂಬುದಕ್ಕೆ ಆ ದೃಶ್ಯವೇ ಸಾಕ್ಷಿ.

ಈ ಸಂಕಟಕ್ಕೆ 2013ರಲ್ಲಿ ರಾಬ್ ಹೈನ್ಸೂ ಮತ್ತು ಜಾನಥನ್ ಟ್ವೀಟ್ ರಚಿಸಿದ ‘ಥರ್ಟೀಂತ್ ಏಜ್’ ಎಂಬ ಆಟ ಒಂದು ವಿಶಿಷ್ಟ ಪರಿಹಾರ ಸೂಚಿಸಿತು. ಅದರಲ್ಲಿ ಯಾರು ಬೇಕಾದರೂ ತಮ್ಮ ಸರದಿ ಬಂದಾಗ ‘ಓಡೋಣ’ ಎಂದು ಸೂಚಿಸಬಹುದು. ಎಲ್ಲರೂ ಒಪ್ಪಿದರೆ ಇಡೀ ಗುಂಪು ಬಿದ್ದವರನ್ನೂ ಹೊತ್ತುಕೊಂಡು ಪಾರಾಗುತ್ತದೆ. ದಾಳವಿಲ್ಲ, ತಡೆಯಿಲ್ಲ. ಆದರೆ ಬೆಲೆ ಇದೆ. ಅವರು ಯಾವ ಕೆಲಸಕ್ಕೆ ಬಂದಿದ್ದರೋ ಅಲ್ಲಿ ದೊಡ್ಡ ನಷ್ಟವಾಗುತ್ತದೆ. ಉಳಿಸಬೇಕಿದ್ದ ಹಳ್ಳಿ ಉರಿಯಬಹುದು, ಸೆರೆಯಾಳು ಕೈತಪ್ಪಬಹುದು. ಸ್ನೇಹಿತನೋ ಪ್ರಾಣವೋ ಎಂಬ ಪ್ರಶ್ನೆಯನ್ನು ಈ ನಿಯಮ ಬದಿಗಿಟ್ಟು, ನಮ್ಮ ಪ್ರಾಣವೋ ನಾವು ಕೊಟ್ಟ ಮಾತೋ ಎಂದು ಕೇಳುತ್ತದೆ.

ಕಾದಾಟಕ್ಕೆ ಇಳಿಯುವ ಮುನ್ನವೇ ಕೆಲವು ಗುಂಪುಗಳು ಒಂದು ಒಪ್ಪಂದ ಮಾಡಿಕೊಳ್ಳುತ್ತವೆ. ಮೊದಲನೆಯವರು ಬಿದ್ದರೆ, ಅಥವಾ ಮಂತ್ರ ಮುಗಿದರೆ, ಚರ್ಚೆಯಿಲ್ಲದೆ ಹಿಂದೆ ಸರಿಯುವುದು. ಕೊನೆಯಲ್ಲಿ ನಿಲ್ಲುವವರು ಯಾರು, ಬಿದ್ದವರನ್ನು ಹೊರುವವರು ಯಾರು ಎಂಬುದೂ ಮೊದಲೇ ಗೊತ್ತು. ಬಿಸಿ ಏರಿದ ಹೊತ್ತಿನಲ್ಲಿ ಮಾಡಲಾಗದ ನಿರ್ಧಾರವನ್ನು ತಣ್ಣಗಿರುವಾಗ ಮಾಡಿಟ್ಟುಕೊಳ್ಳುವ ಜಾಣತನ ಇದು. ಆಗ ‘ಓಡೋಣ’ ಎಂದವನು ಪುಕ್ಕಲನಾಗುವುದಿಲ್ಲ, ಒಪ್ಪಂದವನ್ನು ನೆನಪಿಸಿದವನಾಗುತ್ತಾನೆ. ಸೂತ್ರಧಾರನ ಪಾಲೂ ಇದರಲ್ಲಿದೆ. ಬಾಗಿಲಿನಾಚೆ ಇರುವುದು ಕೈಮೀರಿದ ಬಲ ಎಂಬ ಸುಳಿವನ್ನು, ಸುಟ್ಟ ಎಲುಬುಗಳನ್ನೋ ಹಿಂದಿನವರ ಮುರಿದ ಕತ್ತಿಗಳನ್ನೋ, ಅವನು ಮುಂಚಿತವಾಗಿ ತೋರಿಸಬೇಕು. ಸುಳಿವಿಲ್ಲದೆ ಕೊಲ್ಲುವುದು ಪರೀಕ್ಷೆಯಲ್ಲ, ಮೋಸ.

ಮತ್ತೆ ಉತ್ತರಕುಮಾರನ ಬಳಿಗೆ ಬರೋಣ. ಅವನಿಗೆ ಎದುರಾಳಿಯ ಬಲ ತಿಳಿದಿರಲಿಲ್ಲ. ಒಬ್ಬನೇ ಧುಮುಕಿ ಓಡಿದ, ಜೊತೆಗಿದ್ದವಳನ್ನು ರಥದಲ್ಲೇ ಬಿಟ್ಟ. ಈ ಆಟದ ಯಾವ ಮೇಜಿನಲ್ಲಾದರೂ ಅದು ಕೆಟ್ಟ ಓಟವೇ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನು ಗಾದೆ ಹೇಳುವುದಿಲ್ಲ. ಅರ್ಜುನ ಅವನನ್ನು ಹಿಡಿದು ತಂದ ಮೇಲೆ ಸ್ಥಾನಗಳು ಅದಲುಬದಲಾದವು. ಬಿಲ್ಲು ಬಲ್ಲವನು ಬಿಲ್ಲು ಹಿಡಿದ, ಹುಡುಗ ಲಗಾಮು ಹಿಡಿದ. ಅದೇ ರಥ, ಅದೇ ಇಬ್ಬರು, ಎದುರಿಗೆ ಅದೇ ಸೇನೆ. ಗೋವುಗಳು ಮನೆಗೆ ಮರಳಿದವು.